ಡಾಕ್ಟರಿಗೆ ಅಂಜುವ ಪೈಲಟ್

ನಮ್ಮ ಮನೆಯವರು ಹೋದಮೇಲೆ ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು, "ಎಂಥಾ ಧೈರ್ಯದ ಮನಷಾರೀ." ನಾನು ತಲೆಯಾಡಿಸಿದೆ. ಧೈರ್ಯದ ಮನುಷ್ಯರು ಹೌದು. ಹಿಮದ ಗುಡ್ಡಗಳ ನಡುವೆ, ಹೆಲಿಕಾಪ್ಟರಿನ ಗಾಲಿ ಊರಲು ಅಂಗೈಯಗಲ ಜಾಗವಿದ್ದ ಕಡೆಯೂ ಇಳಿಸಿ ಬಂದವರು. ಆದರೆ ಜಮಖಂಡಿಯಲ್ಲಿ ನಮ್ಮ ಓಣಿಯ ಡಾಕ್ಟರು ಎದೆಗೆ ಇಡುವ ನಳಿಗೆ ಕೈಗೆ ತೆಗೆದುಕೊಂಡರೆ ಸಾಕು, ಅವರ ಮುಖ ಮಗ್ಗಿ ಬಾರದ ಹುಡುಗನ ಮುಖವಾಗುತ್ತಿತ್ತು. ದುಃಖಕ್ಕೆ ಬಂದವರ ಮುಂದೆ ಇದನ್ನು ಹೇಳಲಾಗಲಿಲ್ಲ. ಹೇಳಿದ್ದರೆ ನಗು ಬರುತ್ತಿತ್ತು, ನಕ್ಕರೆ ಜನ ತಪ್ಪು ತಿಳಿಯುತ್ತಿದ್ದರು. ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಾನು ಹೆಚ್ಚು ಓದಿದವಳಲ್ಲ. ಬನಹಟ್ಟಿಯಲ್ಲಿ ಮ್ಯಾಟ್ರಿಕ್ ಮುಗಿಸಿದೆ, ಅಷ್ಟರಲ್ಲಿ ಮದುವೆಯಾಯಿತು. ಅವರಿಗೆ ಬಂದ ರೋಗದ ಹೆಸರು ಪಾರ್ಕಿನ್ಸನ್. ಅದು ಯಾಕೆ ಬರುತ್ತದೆ, ತಲೆಯೊಳಗೆ ಏನಾಗುತ್ತದೆ ಎಂಬುದನ್ನು ತಿಳಿದವರು ಹೇಳಲಿ. ಕೈ ನಡುಗುತ್ತಿದ್ದರೂ "ಏನಾಗೇತಿ ನನಗ?" ಎನ್ನುವ ಗಂಡಸು ನಿಮ್ಮ ಮನೆಯಲ್ಲಿದ್ದರೆ, ಅವನ ಪಕ್ಕ ದವಾಖಾನೆಯ ಬೆಂಚಿನ ಮೇಲೆ ಹಲ್ಲು ಕಚ್ಚಿಕೊಂಡು ಕೂತವರು ನೀವಾಗಿದ್ದರೆ, ಅಂಥ ಬೆಂಚಿನ ಮೇಲೆ ನಾನೂ ಕೂತಿದ್ದೆ ಎಂದು ತಿಳಿಸುವುದಷ್ಟೇ ನನ್ನ ಕೆಲಸ.

ಅವರದು ಬೀಳಗಿ ತಾಲೂಕಿನ ಒಕ್ಕಲುತನದ ಮನೆ. ಅವರು ಹುಟ್ಟಿದ ಊರಿನ ಅರ್ಧ ಭಾಗ ಈಗ ಕೃಷ್ಣೆಯ ಹಿನ್ನೀರಿನಲ್ಲಿದೆ. ನಮ್ಮಪ್ಪನದು ಬನಹಟ್ಟಿಯಲ್ಲಿ ಮಗ್ಗದ ಮನೆ. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಹೆಲಿಕಾಪ್ಟರಿನ ಸದ್ದಿನಲ್ಲಿ ವಯಸ್ಸು ಕಳೆದವರಿಗೂ ಬರುವುದಿಲ್ಲ. ಹೀಗಾಗಿ ನಮ್ಮಿಬ್ಬರ ಗುಟ್ಟಿನ ಮಾತು ಯಾವ ಊರಿನಲ್ಲಿದ್ದರೂ ಪಕ್ಕದ ಮನೆಗೆ ಚೆನ್ನಾಗಿ ಕೇಳುತ್ತಿತ್ತು. ಅಸ್ಸಾಮಿನಲ್ಲಿ, ಪಂಜಾಬಿನಲ್ಲಿ ಭಾಷೆ ತಿಳಿಯದ್ದರಿಂದ ಮಾನ ಉಳಿಯಿತು. ನಿವೃತ್ತರಾಗಿ ಜಮಖಂಡಿಗೆ ಬಂದು ಮನೆ ಕಟ್ಟಿದ ಮೇಲೆ ಅದೂ ಉಳಿಯಲಿಲ್ಲ.

ಊರಿಗೆ ಬಂದ ಹೊಸತರಲ್ಲಿ ಜನಕ್ಕೆ ಅವರಿಂದ ಯುದ್ಧದ ಕಥೆ ಬೇಕಾಗಿತ್ತು. ಚಹಾ ಅಂಗಡಿಯಲ್ಲಿ ಯಾರೋ ಕೇಳಿದರು, "ಸಾಹೇಬ್ರ, ಒಟ್ಟ ಎಷ್ಟ ಬಾಂಬ್ ಹಾಕೀರಿ?"

"ಬಾಂಬ್ ಇಲ್ಲೋ ತಮ್ಮಾ, ಬಟಾಟಿ ಹಾಕೇನಿ."

ಅದು ಚೇಷ್ಟೆಯಲ್ಲ, ನಿಜ. ವಾಯುಪಡೆಯಲ್ಲಿ ಅವರ ಹೆಚ್ಚಿನ ನೌಕರಿ ಗುಡ್ಡದ ಮೇಲಿನ ಸೈನಿಕರಿಗೆ ಸಾಮಾನು ಮುಟ್ಟಿಸುವುದರಲ್ಲಿ ಕಳೆಯಿತು. ಚಿಮಣಿ ಎಣ್ಣೆ, ಹಿಟ್ಟು, ಬಟಾಟಿ, ಉಳ್ಳಾಗಡ್ಡಿ. ಬರುವಾಗ ಜ್ವರ ಬಂದವರನ್ನು, ಕಾಲು ಮುರಿದವರನ್ನು ಕೆಳಗೆ ತರುವುದು. ಒಮ್ಮೆ ಜೀವಂತ ಕುರಿಗಳನ್ನು ಒಯ್ದರಂತೆ. ಅದರಲ್ಲಿ ಒಂದು ದಾರಿಯುದ್ದಕ್ಕೂ ಅವರ ಹೆಗಲ ಮೇಲೆ ಮುಖ ಇಟ್ಟು ಮುಂದೆ ನೋಡುತ್ತ ನಿಂತಿತ್ತಂತೆ. "ನನ್ನ ಜೋಡಿ ಹಾರಿದವರೊಳಗ ಅದರಷ್ಟು ಸುಮ್ಮ ಕುಂತವರು ಯಾರೂ ಇಲ್ಲ" ಎನ್ನುತ್ತಿದ್ದರು. ಅಂದಿನಿಂದ ಚಹಾ ಅಂಗಡಿಯಲ್ಲಿ ಅವರು ಬಟಾಟಿ ಸಾಹೇಬರಾದರು. ಅವರಿಗೆ ಅದರ ಬಗ್ಗೆ ಬೇಸರವಿರಲಿಲ್ಲ.

ಇನ್ನು ಡಾಕ್ಟರ ವಿಷಯ. ಹಾರುವವರಿಗೆ ವರ್ಷಕ್ಕೊಮ್ಮೆ ಮೈ ಪರೀಕ್ಷೆ ಇರುತ್ತದೆ. ನಮ್ಮ ಮನೆಯಲ್ಲಿ ಯುಗಾದಿ, ದೀಪಾವಳಿಯ ಹಾಗೆ ಅದೂ ಒಂದು ಹಬ್ಬ. ಮೊದಲು ಉಪವಾಸ, ಆಮೇಲೆ ಊಟ. ಪರೀಕ್ಷೆ ಹತ್ತಿರ ಬಂತೆಂದರೆ ಪಲ್ಯಕ್ಕೆ ಎಣ್ಣೆ ಇಲ್ಲ, ರೊಟ್ಟಿಗೆ ಬೆಣ್ಣೆ ಇಲ್ಲ, ಉಪ್ಪಿನಕಾಯಿ ಡಬ್ಬಿ ಮಂಚದ ಕೆಳಗೆ. ಕಣ್ಣಿನ ಪರೀಕ್ಷೆಯ ಹಲಗೆಯ ಅಕ್ಷರಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಬಾಯಿಪಾಠ ಮಾಡುತ್ತಿದ್ದರು. ನಾನು ಹಿಟ್ಟು ನಾದುತ್ತ ತಪ್ಪು ತಿದ್ದುತ್ತಿದ್ದೆ. ಫಿಟ್ ಎಂದು ಬರೆಸಿಕೊಂಡು ಬಂದ ದಿನ ಹೋಳಿಗೆ.

ಡಾಕ್ಟರು ಕೆಟ್ಟವರಾಗಿರಲಿಲ್ಲ. ಅಸ್ಸಾಮಿನಲ್ಲಿದ್ದಾಗ ಅಲ್ಲಿನ ಡಾಕ್ಟರು ಸಂಜೆ ನಮ್ಮ ಮನೆಗೇ ಇಸ್ಪೀಟು ಆಡಲು ಬರುತ್ತಿದ್ದರು. ಒಂದು ಸಂಜೆ ಇವರಿಗೆ ಭಾರೀ ನೆಗಡಿ. ಸೀನು ಬಂದಾಗಲೆಲ್ಲ ಎಲೆ ಕೆಳಗಿಟ್ಟು ಬಚ್ಚಲಕ್ಕೆ ಓಡುವರು, ಟವೆಲ್ಲಿನಲ್ಲಿ ಮುಖ ಹುಗಿದು ಸೀನಿ ಏನೂ ಆಗದವರ ಹಾಗೆ ಬಂದು ಕೂಡುವರು. ಕೊನೆಗೆ ಡಾಕ್ಟರು ಎಲೆಯಿಂದ ಕಣ್ಣೆತ್ತದೆ ನನ್ನನ್ನು ಕೇಳಿದರು, ನಿಮ್ಮ ಬಚ್ಚಲದಲ್ಲಿ ಆಗಾಗ ಏನು ಸಿಡಿಯುತ್ತಿದೆ ಎಂದು.

ನಗಬಹುದು. ಆದರೆ ಡಾಕ್ಟರು ಒಮ್ಮೆ ‘ಅನ್‌ಫಿಟ್’ ಎಂದು ಬರೆದರೆ ಹಾರುವುದು ನಿಂತಿತು. ಒಂದು ವಾರಕ್ಕಿರಬಹುದು, ಜೀವಮಾನಕ್ಕಿರಬಹುದು. ಇವರ ಗೆಳೆಯರೊಬ್ಬರು ಕಿವಿಯಲ್ಲಿ ಏನೋ ಗುಂಯ್‌ಗುಡುತ್ತದೆ ಎಂದು ನೇರವಾಗಿ ಹೇಳಿ ಉಳಿದ ನೌಕರಿಯನ್ನು ಕುರ್ಚಿಯ ಮೇಲೆ ಕಳೆದರು. ಅದನ್ನು ನೋಡಿದ ಮೇಲೆ ಇವರ ಕಿವಿ, ಮೂಗು, ಹೊಟ್ಟೆ ಎಲ್ಲವೂ ನಿವೃತ್ತಿಯಾಗುವ ತನಕ ಸುಮ್ಮನಿದ್ದವು. ನಿವೃತ್ತಿಯ ನಂತರ ಕಸಿದುಕೊಳ್ಳುವಂಥದ್ದು ಡಾಕ್ಟರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಆದರೆ ಅಭ್ಯಾಸ ಉಳಿದಿತ್ತು.

ರೋಗ ಮೊದಲು ಕಂಡದ್ದು ಎಡಗೈಯಲ್ಲಿ. ಸುಮ್ಮನೆ ಕೂತಾಗ ಹೆಬ್ಬೆರಳು ಪಕ್ಕದ ಬೆರಳನ್ನು ಮೆಲ್ಲಗೆ ತಿಕ್ಕುತ್ತಿತ್ತು. ನಮ್ಮ ಕಡೆ ಆ ಆಟಕ್ಕೆ ಒಂದೇ ಅರ್ಥ, ತಂಬಾಕು ತಿಕ್ಕುವುದು. ಸ್ವಲ್ಪ ದಿನದಲ್ಲಿ ಬಸ್ ಸ್ಟ್ಯಾಂಡಿನಲ್ಲಿ, ಚಹಾ ಅಂಗಡಿಯಲ್ಲಿ ಜನ ತಾವಾಗಿಯೇ ಸುಣ್ಣದ ಡಬ್ಬಿ ಇವರ ಮುಂದೆ ಹಿಡಿಯತೊಡಗಿದರು. ಹೊಲ ನೋಡಿಕೊಳ್ಳುವ ನನ್ನ ಮೈದುನ ಶಿವಪ್ಪ ಒಂದು ದಿನ ಅಡಿಗೆಮನೆಗೆ ಬಂದು ದನಿ ಸಣ್ಣದು ಮಾಡಿದ.

"ವೈನೀ, ತಪ್ಪ ತಿಳೀಬ್ಯಾಡ್ರಿ. ಅಣ್ಣ ಈ ವಯಸ್ಸಿನ್ಯಾಗ ತಂಬಾಕ ಕಲತಾನೇನ್ರಿ?"

"ಯಾರಂದ್ರು?"

"ಯಾಕ ಅನಬೇಕ್ರಿ? ಕೂತಲ್ಲೆ ತಿಕ್ಕಾಕತ್ತಿರ್ತಾನ. ಆದ್ರ ಬಾಯಾಗ ಹಾಕ್ಕೊಳ್ಳೂದು ನಾ ಒಮ್ಮಿನೂ ನೋಡಿಲ್ಲ. ಭಾಳ ಹುಷಾರ್ ಅದಾನ್ರಿ."

ನನಗೂ ಸಂಶಯ ಬಂದು ಅಂಗಿಯ ಕಿಸೆ ಹುಡುಕಿದೆ. ಶೇಂಗಾದ ಸಿಪ್ಪೆ ಸಿಕ್ಕಿತು, ತಂಬಾಕು ಸಿಗಲಿಲ್ಲ. ಇವರನ್ನೇ ಕೇಳಿದೆ. "ಬೆರಳಿಗೆ ವ್ಯಾಯಾಮ ಕೊಡಾಕತ್ತೇನಿ" ಎಂದರು. ಅಂದಿನಿಂದ ಆ ಕೈ ಕಿಸೆಯಲ್ಲೇ ಇರತೊಡಗಿತು.

ಆಮೇಲೆ ಒಂದೊಂದೇ ಶುರುವಾಯಿತು. ಕಬ್ಬು ನುರಿಸುವ ಹಂಗಾಮಿನಲ್ಲಿ ಸಮೀರವಾಡಿಯ ಕಡೆಯಿಂದ ಬರುವಾಗ ಕಾಕಂಬಿಯ ವಾಸನೆಗೆ ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡರೆ ಇವರು ಕಿಟಕಿ ತೆರೆದು "ಛಲೋ ಹವಾ ಐತಿ" ಎಂದರು. ಮುಖದ ಮೇಲಿನ ನಗು ಕಡಿಮೆಯಾಯಿತು. ರಬಕವಿಯಲ್ಲಿ ನನ್ನ ಅಣ್ಣನ ಮಗಳ ಮದುವೆಯಲ್ಲಿ ಇವರು ಸಂತೋಷವಾಗಿಯೇ ಕೂತಿದ್ದರು, ಮುಖ ಮಾತ್ರ ಗೋಡೆಯ ಹಾಗಿತ್ತು. ಬೀಗರು ನನಗೆ ಕೇಳುವ ಹಾಗೆ ಅಂದರು, "ಸಾಹೇಬ್ರು ಇದ್ದಾರು, ಆದ್ರ ಬಡವರ ಮದವ್ಯಾಗ ಒಂದ್ ನಗಿನೂ ತುಟ್ಟಿ ಆತೇನು?" ಆ ಮಾತು ನನಗೆ ಬಹಳ ಹತ್ತಿತು. ಇವರಿಗೆ ಹೇಳಲಿಲ್ಲ.

ನಮ್ಮ ಓಣಿಯ ಡಾಕ್ಟರ ಬಳಿ ಹಠ ಮಾಡಿ ಕರೆದೊಯ್ದೆ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ಎದೆ ಮುಂದೆ. ಡಾಕ್ಟರು "ಏನ್ ತ್ರಾಸ್ರಿ?" ಎಂದರೆ "ಏಕದಮ್ ಫಿಟ್ ಅದೇನ್ರಿ, ಈಕಿ ಸಮಾಧಾನಕ್ಕ ಬಂದೇನಿ" ಎಂದರು. ರಕ್ತದೊತ್ತಡ ನೋಡಿದರು, ಎದೆ ನೋಡಿದರು, ಎಲ್ಲ ಸರಿ ಇತ್ತು. "ಅವ್ವಾರ, ಸಾಹೇಬ್ರು ನನಗಿಂತ ಗಟ್ಟಿ ಅದಾರ" ಎಂದು ಡಾಕ್ಟರು ನಕ್ಕರು. ಹೊರಗೆ ಬಂದು ಇವರು ಮೆಟ್ಟಿಲ ಮೇಲೆಯೇ ಕೇಳಿದರು, "ಶಾಂತಾ, ಇವತ್ತ ಹೋಳಿಗಿ ಮಾಡ್ತೀಯಿಲ್ಲ?"

ಮಾಡಿದೆ. ಸಿಟ್ಟಿನಲ್ಲಿ ಹೂರಣ ಎಷ್ಟು ರುಬ್ಬಿದೆನೆಂದರೆ ಅಂಥ ನಯವಾದ ಹೋಳಿಗೆ ಮತ್ತೆಂದೂ ಆಗಲಿಲ್ಲ.

ಮುಧೋಳದಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದೆವು, ಎಡ ಹೆಗಲು ಮೇಲೇಳುತ್ತಿರಲಿಲ್ಲ. ಅವರಿಗೂ ಕೈ ನಡುಗುವುದನ್ನು ಹೇಳಲಿಲ್ಲ. ಹೆಗಲು ಬಿಗಿದಿದೆ, ಎಣ್ಣೆ ಹಚ್ಚಿ, ವ್ಯಾಯಾಮ ಮಾಡಿ ಎಂದರು ಅವರು. ಇವರಿಗೆ ಸ್ವರ್ಗ ಸಿಕ್ಕಷ್ಟು ಖುಷಿ. ಎಲುಬಿನ ರೋಗ ಗಂಡಸಿನ ರೋಗವಂತೆ, ಬಿದ್ದರೂ ಬರುತ್ತದಂತೆ. ನಾನು ದಿನವೂ ಎಣ್ಣೆ ಹಚ್ಚಿದೆ. ಹೆಗಲಿಗೆ ಆರಾಮವಾಗಲಿಲ್ಲ. ನನ್ನ ಕೈ ಮೃದುವಾದವು.

ಇಷ್ಟರ ತನಕ ನನಗೆ ಸಿಟ್ಟಿತ್ತು, ಅಂಜಿಕೆ ಇರಲಿಲ್ಲ. ಅಂಜಿಕೆ ಬಂದದ್ದು ಮುಧೋಳದ ರಸ್ತೆಯಲ್ಲಿ. ಇವರು ಕಾರು ನಡೆಸುತ್ತಿದ್ದರು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು ನಿಧಾನವಾಯಿತು. "ರೀ, ಬ್ರೇಕ್" ಎಂದೆ. "ಹಾಂ" ಎಂದರು. ಹಾಂ ಎಂದದ್ದು ಬಾಯಿ. ಆ ಮಾತು ಕಾಲಿಗೆ ಮುಟ್ಟುವಷ್ಟರಲ್ಲಿ ನಮ್ಮ ಕಾರು ಮೆಲ್ಲಗೆ, ದನ ಗ್ವಾದಲಿಯ ಮೇವಿಗೆ ಬಾಯಿ ಹಾಕಿದ ಹಾಗೆ, ಕಬ್ಬಿನೊಳಗೆ ಹೋಗಿ ನಿಂತಿತು. ಮುಂದಿನ ಗಾಜು ಒಡೆದು ಮಡಿಲ ತುಂಬ ಕಬ್ಬು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಟ್ರ್ಯಾಕ್ಟರಿನವನು ಇಳಿದು ಬಂದು ನಮ್ಮನ್ನು ನೋಡಿದ, ಕಬ್ಬನ್ನು ನೋಡಿದ.

"ಸಾಹೇಬ್ರ, ಕಬ್ಬ ಬೇಕಾಗಿದ್ರ ಕೇಳಿದ್ರ ನಾನ ಕೊಡ್ತಿದ್ನೆಲ್ರೀ."

ಇವರು ಬಟ್ಟೆ ಝಾಡಿಸಿಕೊಳ್ಳುತ್ತ "ಲ್ಯಾಂಡಿಂಗ್ ಸ್ವಲ್ಪ ಜೋರ ಆತು" ಎಂದರು. ಅವನೂ ನಕ್ಕ, ಇವರೂ ನಗಲು ನೋಡಿದರು. ನಾನು ನಗಲಿಲ್ಲ. ಆ ಟ್ರೇಲರಿನ ಹಿಂದೆ ಆಗಷ್ಟೇ ಒಂದು ಸೈಕಲ್ಲು ಇತ್ತು, ನಾವು ಬರುವ ಸ್ವಲ್ಪ ಮುಂಚೆ ಪಕ್ಕದ ಹಾದಿಗೆ ಇಳಿದಿತ್ತು. ನಾನು ಅದನ್ನು ನೋಡಿದ್ದೆ. ಇವರು ನಿಜ ಹೇಳದಿದ್ದರೆ ಇನ್ನೊಮ್ಮೆ ಹೀಗಾದಾಗ ಸಾಯುವವರು ಬೇರೆ ಯಾರೋ ಆಗುತ್ತಾರೆ ಎಂದು ಅಲ್ಲೇ ಕಬ್ಬಿನ ನಡುವೆ ನನಗೆ ತಿಳಿಯಿತು.

ಹುಬ್ಬಳ್ಳಿಯಲ್ಲಿ ಸಾಲೆ ಕಲಿಸುವ ನಮ್ಮ ಮಗಳು ಬಾಗಲಕೋಟೆಯ ನರದ ಡಾಕ್ಟರೊಬ್ಬರ ಹೆಸರು ತೆಗೆದುಕೊಟ್ಟಳು. ಕಾರು ಗ್ಯಾರೇಜಿನಲ್ಲಿತ್ತು, ಬಸ್ಸಿಗೆ ಹೋದೆವು. ಅಲ್ಲಿ ನಾನು ನೀರು ಕುಡಿದು ಬರುವಷ್ಟರಲ್ಲಿ ಹೆಸರು ಬರೆಸುವ ಕೆಲಸ ತಾವೇ ಮಾಡುವುದಾಗಿ ಹೇಳಿದರು. ಅವರು ತಾವಾಗಿ ಮುಂದೆ ಬಂದದ್ದು ನೋಡಿ ನನಗೆ ಆಗಲೇ ಸಂಶಯ ಬರಬೇಕಿತ್ತು.

ಬೆಂಚಿನ ಮೇಲೆ ಕಂಬಳಿ ಹೊದ್ದ ಹಿರಿಯರೊಬ್ಬರು ಕೂತಿದ್ದರು. ಹಣೆಯ ತುಂಬ ಬೀರೇಶ್ವರನ ಭಂಡಾರ, ಎರಡೂ ಕೈ ಚೆನ್ನಾಗಿ ನಡುಗುತ್ತಿದ್ದವು. ನಡುಗುವ ಕೈಯಲ್ಲೇ ಭಂಡಾರದ ಚೀಲ ತೆಗೆದು ಇವರ ಹಣೆಗೂ ಹಚ್ಚಿದರು. ಹಚ್ಚುವುದು ಒಂದು ಕಡೆ ಎಂದು ಹೊರಟು ಮೂಗು, ಕಿವಿ ಎಲ್ಲ ಹಳದಿಯಾಯಿತು.

"ನಿಮಗೂ ಇದ ಏನ್ರಿ ಸಾಹೇಬ್ರ?"

"ಛೇ ಛೇ. ನಾ ಈಕೀನ್ನ ತೋರಸಾಕ ಬಂದೇನ್ರಿ."

ಹಿರಿಯರು ನನ್ನನ್ನು ಮರುಕದಿಂದ ನೋಡಿ ನನ್ನ ಹಣೆಗೂ ಹಚ್ಚಿದರು. ಈ ಸುಳ್ಳು ಬೆಂಚಿನ ಮಟ್ಟಿಗೆ ಮಾತ್ರ ಎಂದುಕೊಂಡು ಹಚ್ಚಿಸಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಕರೆದರು, "ಶಾಂತವ್ವಾ! ಶಾಂತವ್ವ ಯಾರ್ರಿ?"

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಇಬ್ಬರ ಹಳದಿ ಮುಖಗಳನ್ನು ನೋಡಿ ಏನೂ ಕೇಳದೆ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿದರು.

"ಯಾವಾಗಿಂದ ಕೈ ನಡಗಾಕತ್ತಾವ್ರಿ ಅವ್ವಾರ?"

"ನನಗ?"

ತಿರುಗಿ ನೋಡಿದೆ. ಇವರು ನನ್ನ ಕೈಚೀಲ ಹಿಡಿದುಕೊಂಡು ಹಿಂದೆ ನಿಂತಿದ್ದರು. ಲೋಕದಲ್ಲೇ ಒಳ್ಳೆಯ ಗಂಡನ ಹಾಗೆ. "ಭಾಳ ದಿನ ಆತ್ರಿ ಡಾಕ್ಟ್ರ. ಈಕಿ ಹೇಳಂಗಿಲ್ಲ. ಎಲ್ಲಾ ಮುಚ್ಚಿಡ್ತಾಳ."

ಡಾಕ್ಟರು ನನ್ನ ಕೈ ಹಿಡಿದು ನೋಡಿದರು. "ಹೌದು, ನಡಗಾಕತ್ತಾವ."

"ಇದು ಸಿಟ್ಟಿನ ನಡಕ ರೀ!" ಎಂದೆ. ಬನಹಟ್ಟಿಯ ದನಿ, ಹೊರಗಿನ ಬೆಂಚಿನ ತನಕ ಹೋಯಿತು. "ಬ್ಯಾನಿ ಇವರಿಗೆ ಐತಿ. ಹೆಸರು ನಂದು ಬರಸ್ಯಾರ."

ಡಾಕ್ಟರು ಪಾಪ, ನಗು ನುಂಗಿ ಇವರನ್ನು ಕೂಡಿಸಿದರು. ಇವರು ಎಡಗೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ತೊಂದರೆ ಏನು ಎಂದರೆ ಏನೂ ಇಲ್ಲ ಎಂದರು. ಮೂಗು ಮುಟ್ಟಿ ಎಂದರೆ ಠಕ್ಕನೆ ಮುಟ್ಟಿದರು. ನಡೆಯಿರಿ ಎಂದರೆ ಕೈ ಕಿಸೆಯಲ್ಲಿಟ್ಟುಕೊಂಡು ಗೋಡೆಯಿಂದ ಗೋಡೆಗೆ ಕವಾಯತಿನ ಹೆಜ್ಜೆ. ಜೀವಮಾನದ ಅಭ್ಯಾಸ ಅದು, ಪರೀಕ್ಷೆಯ ಹೊತ್ತಿಗೆ ಮೈ ಅವರ ಮಾತು ಕೇಳುತ್ತಿತ್ತು. ಡಾಕ್ಟರು ನನ್ನ ಮುಖ ನೋಡಿದರು. "ಅವ್ವಾರ, ಕಾಕಾ ಛಲೋ ಅದಾರಲ್ರಿ?"

ಆಗ ನನಗೆ ಅಳು ಬಂತು. ಇಲ್ಲಿಂದಲೂ ಫಿಟ್ ಎಂದು ಹೋಗುತ್ತಾರೆ, ಗ್ಯಾರೇಜಿನಿಂದ ಕಾರು ತರುತ್ತಾರೆ. ಅಳುವಿನ ನಡುವೆಯೇ ಒಂದು ನೆನಪಾಯಿತು.

ಪಂಜಾಬಿನಲ್ಲಿದ್ದಾಗ ಇವರ ಹೆಲಿಕಾಪ್ಟರನ್ನು ನೋಡಿಕೊಳ್ಳುವ ಸಾರ್ಜೆಂಟ್ ಒಬ್ಬರಿದ್ದರು. ಇವರು ಹಾರಿ ಮನೆಗೆ ಬಂದ ಮೇಲೂ ಒಮ್ಮೊಮ್ಮೆ ಸಂಜೆ ಬಾಗಿಲಿಗೆ ಬಂದು ಕೇಳುವರು, ‘ಸಾಬ್‌ಜೀ, ಆಜ್ ಮಷೀನ್ ಕೈಸೀ ಚಲೀ?’ ಇವತ್ತು ಮಷೀನು ಹೇಗೆ ನಡೆಯಿತು ಎಂದು. ಅವರ ಮುಂದೆ ಇವರು ಎಂದೂ ಸುಳ್ಳು ಹೇಳಿದವರಲ್ಲ. ಎಲ್ಲಿ ಕಿರ್‌ಗುಟ್ಟಿತು, ಎಲ್ಲಿ ಅದುರಿತು, ಯಾವ ಮುಳ್ಳು ಯಾವಾಗ ಅಲುಗಿತು, ಊಟದ ತಟ್ಟೆ ಆರುತ್ತಿದ್ದರೂ ಒಂದೂ ಬಿಡದೆ ಹೇಳುವರು. ಡಾಕ್ಟರಿಗೆ ಸುಳ್ಳು, ಸಾರ್ಜೆಂಟಿಗೆ ನಿಜ. ಹಾರುವವರೆಲ್ಲ ಹಾಗೇ.

ಕಣ್ಣು ಒರೆಸಿಕೊಂಡು, ಬಾಗಿಲಲ್ಲಿ ನಿಂತವರ ಹಾಗೆ ನಿಂತು, ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ಸಾಬ್‌ಜೀ, ಆಜ್ ಮಷೀನ್ ಕೈಸೀ ಚಲೀ?"

ಇವರು ಯೋಚಿಸಲೇ ಇಲ್ಲ. ಬೆನ್ನು ನೆಟ್ಟಗಾಯಿತು, ಬಾಯಿ ತೆರೆಯಿತು.

"ಎಡಗಡೆ ವೈಬ್ರೇಶನ್ ಐತಿ. ಸುಮ್ಮ ನಿಂತಾಗ ಹೆಚ್ಚ, ಕೆಲಸಕ್ಕ ಹಚ್ಚಿದ್ರ ಕಮ್ಮಿ. ಸ್ಟಾರ್ಟ್ ಆಗೂದು ತಡಾ. ತಿರುಗೂ ಮುಂದ ಹಿಡೀತೈತಿ. ಬ್ರೇಕ್ ಹೇಳಿದ ಮ್ಯಾಲೆ ಹತ್ತಂಗಿಲ್ಲ. ವಾಸನಿ ನಿಂತ ಭಾಳ ದಿನ ಆತು. ನುಂಗೂ ಮುಂದ ಒಮ್ಮೊಮ್ಮಿ ಗಂಟಲದಾಗ ನಿಂತಂಗ ಆಗತೈತಿ. ಅಂಗಿ ಗುಂಡಿ ಹಾಕಾಕ ಬರಂಗಿಲ್ಲ. ಈಕಿ ನೋಡದಾಗ ಗುಂಡಿ ಮೊದಲ ಹಾಕಿಟ್ಟು, ತಲಿ ಮ್ಯಾಲಿಂದ ತೊಟ್ಟಕೋತೇನಿ."

ಅಲ್ಲಿಗೆ ನಿಂತರು. ತಾವು ಏನು ಮಾಡಿದೆವೆಂದು ಆಗ ತಿಳಿಯಿತು. ತೊಡೆಯ ಕೆಳಗಿನಿಂದ ಕೈ ತಾನಾಗಿ ಹೊರಗೆ ಬಂದಿತ್ತು, ಮೇಜಿನ ಮೇಲೆ ತನ್ನ ಪಾಡಿಗೆ ತಾನು ತಂಬಾಕು ತಿಕ್ಕುತ್ತಿತ್ತು. ಗುಂಡಿಯ ವಿಷಯ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಜೊತೆಗಿದ್ದೂ ಗೊತ್ತಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟು ಮತ್ತೆ ಮೊದಲಿನಿಂದ ನೋಡಿದರು. ಮೆಲ್ಲಗೆ ರೋಗದ ಹೆಸರು ಹೇಳಿದರು. ಪೂರಾ ಹೋಗುವಂಥದ್ದಲ್ಲ, ಆದರೆ ಗುಳಿಗೆಯಿಂದ ಬಹಳ ವರ್ಷ ನಡೆಸಬಹುದು ಎಂದರು. ಇವರು ಕೇಳಿದ್ದು ಒಂದೇ, "ಗ್ರೌಂಡೆಡ್?"

ಡಾಕ್ಟರಿಗೆ ತಿಳಿಯಲಿಲ್ಲ. ನಾನು ಹೇಳಿದೆ, "ಇನ್ನ ಮ್ಯಾಲೆ ಹಾರೂದು ಬಂದ್ ಆತೇನು ಅಂತ ಕೇಳಾಕತ್ತಾರ್ರಿ."

"ಕಾಕಾ, ಕಾರ್ ಒಂದ ಬ್ಯಾಡ್ರಿ. ಉಳಿದಿದ್ದೆಲ್ಲಾ ಮಾಡ್ರಿ. ನಡೀರಿ. ಎಷ್ಟ ನಡೀತೀರಿ ಅಷ್ಟ ಛಲೋ."

ಆ ಹೆಣ್ಣುಮಗಳು ‘ಅನ್‌ಫಿಟ್’ ಎಂಬ ಶಬ್ದ ಬಳಸಲಿಲ್ಲ. ಆಕೆಯ ಹೊಟ್ಟೆ ತಣ್ಣಗಿರಲಿ.

ಬಸ್ಸು ಹಿನ್ನೀರಿನ ಸೇತುವೆ ದಾಟುತ್ತಿತ್ತು. ಇವರು ನೀರು ನೋಡುತ್ತ ಅಂದರು, "ನೀ ಹಂಗ ಕೇಳಬಾರದಾಗಿತ್ತ ಶಾಂತಾ."

"ಮತ್ತ ಹೆಂಗ ಕೇಳ್ಬೇಕಿತ್ರಿ?"

"ಹಂಗ ಕೇಳಿದ ಮ್ಯಾಲೆ ಸುಳ್ಳ ಹೇಳಾಕ ಬರಂಗಿಲ್ಲ. ಸುಳ್ಳ ಹೇಳಿದ್ರ ಮರುದಿನ ಅದನ್ನ ಹಾರಸಾಂವ ಸಾಯ್ತಾನ."

ಆ ಸೈಕಲ್ಲಿನ ವಿಷಯ ಆಗ ಹೇಳಿದೆ. ಮರುದಿನ ತಾವೇ ಶಿವಪ್ಪನನ್ನು ಕರೆದು ಕಾರಿನ ಕೀಲಿ ಅವನ ಕೈಗೆ ಕೊಟ್ಟರು. ಶಿವಪ್ಪ ಕಾರಿನಲ್ಲಿ ಗೊಬ್ಬರದ ಚೀಲ ಹೇರುತ್ತಾನೆಂದು ಆಮೇಲೆ ತಿಳಿದಾಗ ಮಾತ್ರ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಗುಳಿಗೆ ಹತ್ತಿತು. ಮುಖದ ಮೇಲೆ ಅರ್ಧ ನಗು ಮರಳಿ ಬಂತು. ಆ ಅರ್ಧಕ್ಕೇ ನಾನು ದೇವರಿಗೆ ಕಾಯಿ ಒಡೆಸಿದೆ. ಆದರೆ ಕಾಲ ಕಳೆದ ಹಾಗೆ ಹೊಸ ತೊಂದರೆ ಶುರುವಾಯಿತು. ಬಾಗಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುವುದು. ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ಉಪಾಯ ಹೇಳಿದಳು. ನೆಲದ ಮೇಲೆ ಅಡ್ಡಗೆರೆ ಇದ್ದರೆ, ಗೆರೆ ದಾಟುವ ನೆಪದಲ್ಲಿ ಕಾಲು ಏಳುತ್ತದಂತೆ. ಬಣ್ಣದ ಪಟ್ಟಿ ಅಂಟಿಸಿದೆ, ನೆಲ ಒರೆಸಿದಾಗ ಕಿತ್ತುಬಂತು. ಕೊನೆಗೆ ಮನೆಯಲ್ಲಿದ್ದ ರಂಗೋಲಿ ತೆಗೆದುಕೊಂಡು ಮಂಚದಿಂದ ಅಡಿಗೆಮನೆಗೆ, ಅಲ್ಲಿಂದ ಹಿತ್ತಲಿಗೆ ಗೆರೆ ಎಳೆದೆ. ಕಾಲು ಎದ್ದವು! ಗೆರೆ ನೋಡುವರು, ಹೆಜ್ಜೆ ಎತ್ತುವರು, ಮುಂದಿನ ಗೆರೆ.

ಮರುದಿನ ಪಕ್ಕದ ಮನೆಯ ಗಂಗವ್ವ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

"ಯಕ್ಕಾ, ರಂಗೋಲಿ ಬಾಗಲಾ ಮುಂದ ಹಾಕೂದು ಕಂಡೇನಿ. ಹಾಸಗಿಯಿಂದ ಸಂಡಾಸದ ಮಟಾ ಯಾಕ ಹಾಕೀದಿ?" ದನಿ ಇಳಿಸಿದಳು. "ಯಾರರ ಏನರ ಮಾಡಿಸ್ಯಾರೇನ?"

ಒಳಗಿನಿಂದ ಇವರು ಅಂದರು, "ಗಂಗವ್ವಾ, ಅದು ರನ್‌ವೇ."

"ಹಂಗಂದ್ರೇನ್ರಿ?"

"ವಿಮಾನ ಇಳಿಯೂ ಜಾಗಾ."

ಗಂಗವ್ವ ತಲೆಯೆತ್ತಿ ಮಾಳಿಗೆ ನೋಡಿದಳು. "ಒಳಗ ಎಲ್ಲಿಂದ ಬರ್ತೈತ್ರಿ?"

ಎಲ್ಲ ಬಿಡಿಸಿ ಹೇಳಿದ ಮೇಲೆ ಅವಳ ಕಣ್ಣಲ್ಲಿ ನೀರು ಬಂತು. ಅವಳಿಗೆ ದುಃಖವಾದರೆ ಕೆಲಸ ಮಾಡದೆ ಇರಲಾಗುವುದಿಲ್ಲ. ಮಾರನೆಯ ದಿನ ಬಂದು ನನ್ನ ಗೆರೆಗಳ ನಡುವೆ ಕಮಲ, ನವಿಲು, ಮಲ್ಲಿಗೆ ಬಳ್ಳಿ ಎಲ್ಲ ಹಾಕಿದಳು. ಇವರು ನೋಡಿ ಕಂಗಾಲಾದರು. "ಅಷ್ಟ ಚಂದ ಹಾಕ್ಯಾಳ, ಹೂವಿನ ಮ್ಯಾಲೆ ಹೆಂಗ ಕಾಲ ಇಡ್ಲಿ?" ಎಂದು ಹೂ ತಪ್ಪಿಸಲು ಉದ್ದುದ್ದ ಹೆಜ್ಜೆ ಇಡತೊಡಗಿದರು. ವ್ಯಾಯಾಮದ ಹುಡುಗಿ ಬಂದು ಇಷ್ಟು ಸುಧಾರಣೆ ಹೇಗಾಯಿತು ಎಂದು ಬೆರಗಾದಳು.

ಬಜಾರಿನಲ್ಲಿ ರಂಗೋಲಿ ಹಾಕಲಾಗುವುದಿಲ್ಲ. ಅಲ್ಲಿ ಕಾಲು ನಿಂತರೆ ನಾನು ಕವಾಯತಿನ ಹಾಗೆ "ಲೆಫ್ಟ್! ರೈಟ್!" ಎನ್ನುತ್ತಿದ್ದೆ. ನನ್ನ ದನಿ ಗೊತ್ತಲ್ಲ. ಮೊದಮೊದಲು ಜನ ತಿರುಗಿ ನೋಡಿದರು. ಆಮೇಲೆ ಕಾಯಿಪಲ್ಯೆ ಮಾರುವ ಹೆಂಗಸರು ಕಲಿತರು. ನಾನು ಬದನೆಕಾಯಿ ಆರಿಸುತ್ತಿದ್ದರೆ ಅವರೇ ಒಬ್ಬರಾದ ಮೇಲೆ ಒಬ್ಬರು "ಎಡಾ! ಬಲಾ! ಬರ್ರಿ ಸಾಹೇಬ್ರ, ಎಡಾ!" ಎಂದು ಇವರನ್ನು ಸಾಲಿನ ಆ ತುದಿಗೆ ಮುಟ್ಟಿಸುತ್ತಿದ್ದರು. ಇವರು ಕೊನೆಯಲ್ಲಿ ಸೆಲ್ಯೂಟ್ ಹೊಡೆಯುವರು. ಆ ದಿನಗಳಲ್ಲಿ ನಾವು ಸುಖವಾಗಿದ್ದೆವು ಎಂದರೆ ನಂಬಬೇಕು.

ಡಾಕ್ಟರ ಮುಂದೆ ಮಾತ್ರ ಕೊನೆಯ ತನಕ ನಾನು ಸಾರ್ಜೆಂಟ್ ಆಗಬೇಕಾಯಿತು. ಪ್ರತಿ ಸಲ ಮೊದಲು "ಏಕದಮ್ ಫಿಟ್", ಆಮೇಲೆ ನಾನು ಕೇಳಬೇಕು, ಆಮೇಲೆ ನಿಜ. ಮಗಳು ಫೋನಿನಲ್ಲಿ ಕೇಳಿದರೆ "ಫಸ್ಟ್ ಕ್ಲಾಸ್". ಮಷೀನು ಎಂದು ಕೇಳದೆ, ಬರೀ ಹೆಂಡತಿಯಾಗಿ ಹೇಗಿದ್ದೀರಿ ಎಂದು ಕೇಳಿದರೆ ನನಗೂ ಅದೇ ಉತ್ತರ. ಮಷೀನಿನ ಸುದ್ದಿ ನನಗೆ ಸಿಗುತ್ತಿತ್ತು, ಮನುಷ್ಯನದು ಸಿಗುತ್ತಿರಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ನುಂಗಿದ ಅನ್ನ ದಾರಿ ತಪ್ಪಿ ಉಸಿರಿನ ನಾಳಕ್ಕೆ ಇಳಿದು ಎದೆಯಲ್ಲಿ ಸೋಂಕಾಯಿತು. ಜಮಖಂಡಿಯಲ್ಲೇ ದವಾಖಾನೆಗೆ ಸೇರಿಸಿದೆವು. ಡಾಕ್ಟರು ಹುಬ್ಬಳ್ಳಿಯಿಂದ ಬಂದಿದ್ದ ಮಗಳನ್ನು ಹೊರಗೆ ಕರೆದು ಮಾತಾಡಿದರು. ಹೊರಗೆ ಕರೆದದ್ದನ್ನು ಇವರೂ ನೋಡಿದರು.

ಮಧ್ಯಾಹ್ನ ಮಗಳು ಔಷಧ ತರಲು ಹೋಗಿದ್ದಳು. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ನಾನು ಮೋಸಂಬಿ ಸುಲಿಯುತ್ತಿದ್ದೆ. ತಿನ್ನುವವರು ಯಾರೂ ಇರಲಿಲ್ಲ, ಕೈ ಸುಮ್ಮನಿರಬಾರದೆಂದು ಸುಲಿಯುತ್ತಿದ್ದೆ. ಹಿಂದಿ ಇಲ್ಲ, ಸಾರ್ಜೆಂಟ್ ಇಲ್ಲ, ಬಾಯಿಗೆ ಬಂದ ಹಾಗೆ ಕೇಳಿದೆ, "ಹೆಂಗ ಅನಸಾಕತ್ತೈತ್ರಿ?"

ನನ್ನನ್ನು ನೋಡಿದರು. ಉಸಿರು ಕೂಡಿಸಿಕೊಂಡು ಅಂದರು, "ಛಲೋ ಇಲ್ಲ, ಶಾಂತಾ. ಅಂಜಿಕಿ ಬರಾಕತ್ತೈತಿ."

ಇಷ್ಟು ವರ್ಷ ಈ ಉತ್ತರಕ್ಕೆ ಜಗಳ ಮಾಡಿದವಳು ನಾನು. ಸಿಕ್ಕ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೋಸಂಬಿ ಕೆಳಗಿಟ್ಟು ಅವರ ಎಡಗೈ ತೆಗೆದು ನನ್ನ ಕೈಯೊಳಗಿಟ್ಟುಕೊಂಡೆ. ಅದು ನಡುಗುತ್ತಿತ್ತು. ಬಿಗಿಯಾಗಿ ಹಿಡಿದು ನಿಲ್ಲಿಸಲು ಹೋಗಲಿಲ್ಲ. "ನನಗೂ" ಎಂದೆ. ಅವರು ತಲೆಯಾಡಿಸಿದರು.

ನರ್ಸ್ ಪರದೆ ಸರಿಸಿ ಬಂದಳು. ಬೇಕಾದ ನಿಜವೆಲ್ಲ ಆಗಲೇ ಅವಳ ಕೈಯಲ್ಲಿದ್ದ ಕಾಗದದ ಮೇಲಿತ್ತು, ಸುಮ್ಮನೆ ಪ್ರೀತಿಗೆ ಕೇಳಿದಳು.

"ಕಾಕಾರ, ಹೆಂಗದೀರಿ ಇವತ್ತ?"

ಇವರು ದಿಂಬಿನ ಮೇಲೆ ತಲೆ ನೆಟ್ಟಗೆ ಮಾಡಿಕೊಂಡರು. "ಏಕದಮ್ ಫಿಟ್ ಅದೇನ್ರಿ ಸಿಸ್ಟರ್."

ಅವಳು ನನ್ನ ಕಡೆ ನೋಡಿದಳು. ಇಷ್ಟು ವರ್ಷ ಅವರ ಆ ಮಾತನ್ನು ನಾನು ಒಮ್ಮೆಯೂ ಹಾಗೇ ಬಿಟ್ಟವಳಲ್ಲ.

"ಹೌದವ್ವಾ" ಎಂದೆ. "ಫಿಟ್ ಅದಾರ."